ಮನೆಯವರಿಗೆ ಹೇಳದೆ ಲೈಪೋಸಕ್ಷನ್ ಮಾಡಿಸಿಕೊಳ್ಳಬಹುದೇ? ತಯಾರಿ ಹೇಗೆ, ನಾಲ್ಕು ದಿನ ರಜೆ ಸಾಕೇ?

ಎರಡನೇ ಹೆರಿಗೆ ಆದಮೇಲೆ ಹೊಟ್ಟೆ, ಸೊಂಟದ ಬೊಜ್ಜು ಏನು ಮಾಡಿದರೂ ಇಳಿಯುತ್ತಿಲ್ಲ, ಬೆಂಗಳೂರಿಗೆ ಹೋಗಿ ಲೈಪೋಸಕ್ಷನ್ (ಚರ್ಮದಡಿಯ ಕೊಬ್ಬನ್ನು ನಳಿಗೆಯಿಂದ ಎಳೆದು ತೆಗೆಯುವ ಆಪರೇಷನ್) ಮಾಡಿಸಿಕೊಳ್ಳಬೇಕೆಂದಿದ್ದೇನೆ, ಗೆಳತಿಯ ಮನೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ನಾಲ್ಕು ದಿನ ರಜೆ ಹಾಕಿದ್ದೇನೆ ಎಂದು ಬರೆದಿದ್ದೀರಿ. ನಾಲ್ಕು ದಿನ ಸಾಲುವುದಿಲ್ಲ. ಆ ಲೆಕ್ಕವನ್ನು ಕೊನೆಗೆ ಹೇಳುತ್ತೇನೆ. ನಿಮ್ಮ ಪ್ರಶ್ನೆ ಓದಿ ನನಗೆ ನಿಜಕ್ಕೂ ಭಯವಾದದ್ದು ‘ಯಾರಿಗೂ ಹೇಳಿಲ್ಲ’ ಅನ್ನುವ ಮಾತಿಗೆ. ನಾನೂ ಹೆಚ್ಚುಕಡಿಮೆ ಅದನ್ನೇ ಮಾಡಿದ್ದೆ.

ನಾನು ಶಿವಮೊಗ್ಗದವಳು, ಶಾಲೆಯಲ್ಲಿ ಪಾಠ ಮಾಡುತ್ತೇನೆ. ಎರಡೂ ಹೆರಿಗೆ ಸಿಸೇರಿಯನ್. ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿಟ್ಟ ವಾರವೇ ಬೆಂಗಳೂರಿನಲ್ಲಿ ಹೊಟ್ಟೆ ಮತ್ತು ಎರಡೂ ಪಕ್ಕೆಗೆ ಮಾಡಿಸಿಕೊಂಡೆ. ನನ್ನವರಿಗೆ ಮಾತ್ರ ಗೊತ್ತಿತ್ತು. ಅತ್ತೆಯ ಹತ್ತಿರ ನನಗೆ ಹರ್ನಿಯಾ ಆಪರೇಷನ್ ಅಂದಿದ್ದೆ. ಹೊಟ್ಟೆ ಕರಗಿಸಲು ಅಷ್ಟು ದುಡ್ಡು ಸುರಿದಳು ಅಂದುಕೊಂಡಾರು ಎಂಬ ಸಂಕೋಚ, ಇನ್ನೇನಲ್ಲ. ದುಡ್ಡಿನ ವಿಷಯ ಬಂತಾದ್ದರಿಂದ ಹೇಳಿಬಿಡುತ್ತೇನೆ: ಸೌಂದರ್ಯಕ್ಕೆ ಮಾಡಿಸುವ ಆಪರೇಷನ್‌ಗೆ ಆರೋಗ್ಯ ವಿಮೆ ಬರುವುದಿಲ್ಲ, ಮೇಲೆ ಜಿಎಸ್‌ಟಿ ಕೂಡ ಬೀಳುತ್ತದೆ. ಅವರು ಹೇಳುವ ಮೊತ್ತದಲ್ಲಿ ಅರಿವಳಿಕೆ ಡಾಕ್ಟರ ಫೀಸು, ಆಮೇಲೆ ಬಿಗಿಯಾಗಿ ಹಾಕಿಕೊಳ್ಳುವ ಬೆಲ್ಟು, ಒಂದು ರಾತ್ರಿಯ ರೂಮು ಸೇರಿದೆಯೇ ಎಂದು ಬರೆಸಿಕೊಳ್ಳಿ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ಹೊಟ್ಟೆಯಲ್ಲಿರುವುದು ಲೈಪೋಸಕ್ಷನ್‌ಗೆ ಸಿಗುವ ಕೊಬ್ಬೇ? ಡಾಕ್ಟರ್ ನನ್ನನ್ನು ನಿಲ್ಲಿಸಿ ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಬೆರಳಿಗೆ ಸಿಗುವುದು ಚರ್ಮದ ಕೆಳಗಿನ ಕೊಬ್ಬು, ಅದಷ್ಟನ್ನೇ ನಳಿಗೆ ಹಾಕಿ ಎಳೆಯಲು ಸಾಧ್ಯ. ಕರುಳಿನ ಸುತ್ತ ಕೂತ ಕೊಬ್ಬನ್ನು ಮುಟ್ಟಲೂ ಆಗದು. ಬಸುರಿನಲ್ಲಿ ಹೊಟ್ಟೆಯ ಸ್ನಾಯು ಎರಡಾಗಿ ಸರಿದು ಹೊಟ್ಟೆ ಮುಂದೆ ಬಂದಿದ್ದರೆ ಇದರಿಂದ ಸರಿಹೋಗುವುದಿಲ್ಲ. ಚರ್ಮ ಜೋತುಬಿದ್ದಿದ್ದರೆ ಕೊಬ್ಬು ತೆಗೆದಮೇಲೆ ಇನ್ನಷ್ಟು ಜೋಲುತ್ತದೆ, ಅದಕ್ಕೆ ಟಮ್ಮಿ ಟಕ್ ಎಂಬ ಬೇರೆಯೇ ದೊಡ್ಡ ಆಪರೇಷನ್ ಇದೆ. ಶುಗರ್ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ 15 ಮಂದಿ ದಪ್ಪ ಹೆಂಗಸರಿಗೆ ಸುಮಾರು ಹತ್ತು ಕಿಲೋ ಕೊಬ್ಬು ತೆಗೆದು ನೋಡಿದರು. ಇನ್ಸುಲಿನ್ ಕೆಲಸ ಮಾಡುವ ರೀತಿಯಾಗಲಿ ಬಿಪಿಯಾಗಲಿ ಸುಧಾರಿಸಲಿಲ್ಲ ಎಂದು 2004ರಲ್ಲಿ ಪ್ರಕಟಿಸಿದರು. ಇದು ಆಕಾರ ತಿದ್ದುವ ಆಪರೇಷನ್, ತೂಕ ಇಳಿಸುವುದಲ್ಲ. ನನಗೆ ತೆಗೆದದ್ದು ಒಟ್ಟು 3 ಲೀಟರ್ ಚಿಲ್ಲರೆ, ಅದರಲ್ಲಿ ಅವರೇ ಒಳಗೆ ಬಿಟ್ಟ ದ್ರವವೂ ಸೇರಿತ್ತು. ತೂಕ ಕೊನೆಗೆ ಇಳಿದದ್ದು ಎರಡು ಕಿಲೋ.

ಆಸ್ಪತ್ರೆ ಆರಿಸುವಾಗ ಇನ್‌ಸ್ಟಾಗ್ರಾಮ್ ಫೋಟೋ ಬದಿಗಿಡಿ. ಮಾಡುವವರು ಎಂಸಿಎಚ್ ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಪದವಿ ಓದಿದವರೇ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು, ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ನೋಂದಣಿಯ ರಾಜ್ಯ ಕಾಯ್ದೆ) ಪ್ರಮಾಣಪತ್ರದಲ್ಲಿ ಆ ಜಾಗವನ್ನು ಏನೆಂದು ನೋಂದಾಯಿಸಿದ್ದಾರೆ, ಆಪರೇಷನ್ ಮುಗಿಯುವ ತನಕ ಅರಿವಳಿಕೆ ತಜ್ಞರು ಪಕ್ಕದಲ್ಲೇ ಇರುತ್ತಾರೆಯೇ, ಅದೇ ಕಟ್ಟಡದಲ್ಲಿ ಐಸಿಯು ಇದೆಯೇ, ಇಷ್ಟನ್ನೂ ಬಾಯಿಬಿಟ್ಟು ಕೇಳಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ನಟಿಯೊಬ್ಬಳು ಕೊಬ್ಬು ತೆಗೆಸುವ ಆಪರೇಷನ್ ನಂತರ ತೀರಿಕೊಂಡಳು. ಇಪ್ಪತ್ತೊಂದು ವರ್ಷದ ಹುಡುಗಿ. ಉಸಿರಾಟ ಕೆಟ್ಟಾಗ ಬೇರೆ ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು. ಆಪರೇಷನ್ ವಿಷಯ ಹೆತ್ತವರಿಗೆ ತಿಳಿದಿರಲಿಲ್ಲ ಎಂದು ಆಗ ಪತ್ರಿಕೆಗಳಲ್ಲಿ ಬಂತು. ನೀವೂ ಅದೇ ದಾರಿ ಹಿಡಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನು ತಯಾರಿ. ರಕ್ತಪರೀಕ್ಷೆ, ಇಸಿಜಿ ಎಲ್ಲರೂ ಮಾಡಿಸುತ್ತಾರೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಆಪರೇಷನ್ ಮುಂದಕ್ಕೆ ಹಾಕಿಸಿ, ನಮ್ಮ ಹೆಂಗಸರಲ್ಲಿ ಹತ್ತು, ಹತ್ತೂವರೆ ತೀರಾ ಸಾಮಾನ್ಯ. ಹೊಟ್ಟೆಯ ಸ್ಕ್ಯಾನಿಂಗ್ ತಪ್ಪಿಸಬೇಡಿ, ಸಿಸೇರಿಯನ್ ಆದವರಂತೂ ಮಾಡಿಸಲೇಬೇಕು. ಹಳೇ ಹೊಲಿಗೆಯ ಜಾಗದಲ್ಲಿ ಗೊತ್ತಾಗದ ಸಣ್ಣ ಹರ್ನಿಯಾ ಇದ್ದರೆ ನಳಿಗೆ ಕರುಳಿಗೆ ತಾಗುವ ಅಪಾಯವಿದೆ.

ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡಬೇಡಿ. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಹೇಳಿ, ಅದರಿಂದ ಕಾಲಿನ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ನನಗೆ ನಾಲ್ಕು ವಾರ ಮೊದಲೇ ನಿಲ್ಲಿಸಿದರು. ಆಸ್ಪಿರಿನ್, ಬ್ರೂಫೆನ್, ವಿಟಮಿನ್ ಇ, ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್ ಇವೆಲ್ಲ ರಕ್ತಸ್ರಾವ ಹೆಚ್ಚಿಸಬಹುದು. ತೂಕ ಇಳಿಸುವ ಪುಡಿ, ಕಷಾಯ ಕುಡಿಯುತ್ತಿದ್ದರೆ ಅದನ್ನೂ ಹೇಳಿ. ಈಗೀಗ ತೂಕ ಇಳಿಸಲು ಮೌಂಜಾರೊ ತರಹದ ವಾರದ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರಿದ್ದಾರೆ. ಅದು ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ. ರಾತ್ರಿಯಿಂದ ಉಪವಾಸ ಇದ್ದರೂ ಊಟ ಒಳಗೇ ಇದ್ದು, ಮತ್ತಿನಲ್ಲಿ ಶ್ವಾಸಕೋಶಕ್ಕೆ ನುಗ್ಗಬಹುದು. ಬೀಡಿ, ಸಿಗರೇಟು ಸೇದುವವರು ಕನಿಷ್ಠ ಒಂದು ತಿಂಗಳು ಬಿಟ್ಟಿರಬೇಕು. ಥೈರಾಯ್ಡ್, ಬಿಪಿ ಮಾತ್ರೆ ಅವತ್ತು ಬೆಳಿಗ್ಗೆ ನುಂಗಬೇಕೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ತಾಳಿ, ಬಳೆ, ಕಾಲುಂಗುರ, ಮೂಗುತಿ ಮನೆಯಲ್ಲೇ ತೆಗೆದಿಡಿ. ಮೂಗುತಿ ಬಿಗಿಯಾಗಿದ್ದರೆ ಹಿಂದಿನ ದಿನ ಅಕ್ಕಸಾಲಿಗನ ಹತ್ತಿರ ಹೋಗಬೇಕಾಗುತ್ತದೆ, ನನಗೆ ಹಾಗೇ ಆಯಿತು.

ಆಪರೇಷನ್ ನಮಗೆ ತಿಳಿಯುವುದೇ ಇಲ್ಲ. ಉಪ್ಪುನೀರಿನಲ್ಲಿ ಜಾಗವನ್ನು ಮರಗಟ್ಟಿಸುವ ಲಿಡೊಕೇನ್ ಮತ್ತು ಅಡ್ರಿನಲಿನ್ ಬೆರೆಸಿ ಕೊಬ್ಬಿನ ಪದರಕ್ಕೆ ತುಂಬುತ್ತಾರೆ. ರಕ್ತನಾಳ ಕುಗ್ಗಿ ರಕ್ತ ಹೆಚ್ಚು ಹೋಗದಿರಲಿ ಅಂತ. 1980ರ ದಶಕದಲ್ಲಿ ಜೆಫ್ರಿ ಕ್ಲೈನ್ ಎಂಬ ಅಮೆರಿಕದ ಚರ್ಮವೈದ್ಯರು ಕಂಡುಕೊಂಡ ಉಪಾಯ ಇದು. ಈ ಲಿಡೊಕೇನ್ ಕೊಬ್ಬಿನಿಂದ ರಕ್ತಕ್ಕೆ ಮೆಲ್ಲಗೆ ಇಳಿಯುತ್ತದೆ, ಅದರ ಪ್ರಮಾಣ ತುದಿ ಮುಟ್ಟುವುದು ಆಪರೇಷನ್ ಆಗಿ ಸುಮಾರು ಹನ್ನೆರಡು ಗಂಟೆಯ ಮೇಲೆ. ಬೆಳಿಗ್ಗೆ ಮಾಡಿಸಿಕೊಂಡವರಿಗೆ ಅದು ರಾತ್ರಿಯ ಹೊತ್ತು. ಪ್ರಮಾಣ ಮಿತಿ ಮೀರಿದರೆ ಅಪಾಯ. ಕಿವಿ ಗುಂಯ್‌ಗುಟ್ಟುವುದು, ತುಟಿಯ ಸುತ್ತ ಜೋಮು, ಬಾಯಲ್ಲಿ ಲೋಹದ ರುಚಿ, ತೊದಲು ಕಂಡರೆ ಆ ಕ್ಷಣವೇ ನರ್ಸನ್ನು ಕರೆಯಬೇಕು. ಸಂಜೆಯೇ ಡಿಸ್ಚಾರ್ಜ್ ಆಗಿ ಲಾಡ್ಜಿನಲ್ಲಿ ಒಬ್ಬಳೇ ಮಲಗಿದರೆ ಯಾರು ಕರೆಯುತ್ತಾರೆ? ಐದು ಲೀಟರಿಗಿಂತ ಹೆಚ್ಚು ತೆಗೆಯುವುದಾದರೆ ರಾತ್ರಿ ಆಸ್ಪತ್ರೆಯಲ್ಲೇ ಇರಬೇಕು ಎಂಬ ಪದ್ಧತಿ ಇದೆ. ಕಡಿಮೆಯಾದರೂ ಒಂದು ರಾತ್ರಿ ಅಲ್ಲೇ ಇರಿ.

ಮೊದಲೆರಡು ದಿನ ನಳಿಗೆ ಹಾಕಿದ ತೂತುಗಳಿಂದ ತಿಳಿಗೆಂಪು ನೀರು ಸೋರುತ್ತಲೇ ಇರುತ್ತದೆ. ಹಾಸಿಗೆ ನೋಡಿ ಗಾಬರಿಯಾಗಬೇಡಿ. ಮಗುವಿಗೆ ಹಾಸುವ ರಬ್ಬರ್ ಶೀಟು, ಹಳೇ ಟವೆಲ್ಲು ಜೊತೆಗಿರಲಿ. ಕೆಳಗೆ ಕೂರುವ ಶೌಚಾಲಯ ಹತ್ತು ದಿನ ಸಾಧ್ಯವೇ ಇಲ್ಲ. ಅವತ್ತು ಸಂಜೆಯಿಂದಲೇ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ಕಾಲಲ್ಲಿ ರಕ್ತ ಗಟ್ಟಿಯಾಗದಿರಲು ಅದೇ ಮುಖ್ಯ. ಮೂರನೇ ದಿನ ಸ್ನಾನಕ್ಕೆಂದು ಬೆಲ್ಟು ಬಿಚ್ಚಿದಾಗ ನನಗೆ ಕಣ್ಣು ಕತ್ತಲಿಟ್ಟು ಬಂತು. ನನ್ನವರು ಹಿಡಿದುಕೊಳ್ಳದಿದ್ದರೆ ತಲೆ ಬಚ್ಚಲ ಕಟ್ಟೆಗೆ ಬಡಿಯುತ್ತಿತ್ತು. ಬಿಗಿ ಸಡಿಲಿದಾಗ ರಕ್ತ ಕೆಳಗಿಳಿದು ಹೀಗಾಗುವುದು ಸಾಮಾನ್ಯವಂತೆ. ಮಂಚದ ಮೇಲೆ ಮಲಗಿಕೊಂಡೇ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಏಳಿ, ಸ್ಟೂಲಿನ ಮೇಲೆ ಕೂತು ಸ್ನಾನ ಮಾಡಿ, ಬಾಗಿಲ ಚಿಲಕ ಹಾಕಬೇಡಿ.

ಈಗ ಅತ್ತೆಯ ಕಥೆ. ಬೆಂಗಳೂರಿನಲ್ಲಿ ನಾದಿನಿ ಮನೆಯಲ್ಲಿ ಐದು ರಾತ್ರಿ ಇದ್ದು ಶಿವಮೊಗ್ಗಕ್ಕೆ ಬಂದೆವು. ಎಂಟನೇ ದಿನ ನನ್ನವರು ಕೆಲಸಕ್ಕೆ ಹೋದಮೇಲೆ ಎಡಪಕ್ಕೆ ಸೆಳೆಯುತ್ತಿದೆ ಅಂತ ನರಳಿದೆ. ಅತ್ತೆ ಕಾವಲಿಯಲ್ಲಿ ಕಲ್ಲುಪ್ಪು ಹುರಿದು, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ತಂದರು. ಎರಡೂ ಬಾಣಂತನದಲ್ಲಿ ನನ್ನ ಸೊಂಟಕ್ಕೆ ಶಾಖ ಕೊಟ್ಟು, ಹೊಟ್ಟೆಗೆ ಸೀರೆ ಬಿಗಿದು ಕಟ್ಟಿದ ಕೈ ಅದು. ಆಪರೇಷನ್ ಆದ ಜಾಗದ ಚರ್ಮಕ್ಕೆ ಸ್ಪರ್ಶವೇ ಇರುವುದಿಲ್ಲ, ಬಿಸಿ ತಾಗಿಸಬೇಡಿ ಎಂದು ಡಾಕ್ಟರ್ ಹೇಳಿದ್ದು ನನಗೆ ನೆನಪಿತ್ತು. ಬೇಡ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಹೊಟ್ಟೆಯ ಹರ್ನಿಯಾಗೂ ಪಕ್ಕೆಯ ಶಾಖಕ್ಕೂ ಏನೇ ಸಂಬಂಧ ಎಂದು ಕೇಳಿದರೆ ನನ್ನಲ್ಲಿ ಉತ್ತರ ಇರಲಿಲ್ಲ. ಸುಮ್ಮನೆ ಮಗ್ಗುಲಾದೆ. ಸ್ವಲ್ಪ ಬೆಚ್ಚಗೆ, ಹಿತವಾಗಿಯೇ ಅನಿಸಿತು. ಸಂಜೆ ಬೆಲ್ಟು ಬಿಚ್ಚಿದಾಗ ರೂಪಾಯಿ ನಾಣ್ಯದಷ್ಟು ಅಗಲದ ಎರಡು ಬೊಕ್ಕೆ ಎದ್ದಿದ್ದವು. ಅದನ್ನು ನೋಡಿ ಅತ್ತೆ ಅಳುತ್ತಾ ಕೂತಾಗ ಎಲ್ಲ ಹೇಳಿದೆ. ‘ಮೊದಲೇ ಹೇಳಿದ್ದರೆ ಬೈಯ್ತಿದ್ದೆ ನಿಜ, ಆದರೆ ಸುಡ್ತಿರಲಿಲ್ಲ’ ಅಂದರು. ಮರುದಿನದಿಂದ ಬೆಲ್ಟು ಹಾಕಿಸುವುದು ಅವರೇ, ಒಂದು ಸುಕ್ಕು ಬರದ ಹಾಗೆ. ಆಪರೇಷನ್ನಿನ ತೂತುಗಳ ಗುರುತು ಈಗ ಹುಡುಕಿದರೂ ಕಾಣುವುದಿಲ್ಲ. ಆ ಎರಡು ಕಪ್ಪು ಕಲೆ ಹಾಗೇ ಇವೆ.

ಮುಂದಿನ ದಿನಗಳಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನಾಲ್ಕನೇ ದಿನ ತೂಕ ನೋಡಿದರೆ ಎರಡು ಕಿಲೋ ಜಾಸ್ತಿ ಇತ್ತು, ಬರೀ ಬಾವಿನ ನೀರು. ನೇರಳೆ ಬಣ್ಣಕ್ಕೆ ರಕ್ತ ಕಟ್ಟಿದ ಗುರುತು ತೊಡೆಯವರೆಗೂ ಇಳಿದು, ಹಳದಿಯಾಗಿ, ಎರಡು ವಾರಕ್ಕೆ ಹೋಯಿತು. ಎರಡನೇ ವಾರ ‘ಯಾಕಾದರೂ ಮಾಡಿಸಿಕೊಂಡೆನೋ’ ಎಂದು ಅಳು ಬರುತ್ತದೆ, ಬಹಳ ಜನಕ್ಕೆ ಬರುತ್ತದೆ. ಮೂರನೇ ವಾರ ಚರ್ಮದಡಿ ಗಂಟುಗಂಟು ಗಟ್ಟಿಯಾಗಿ, ವಿಪರೀತ ತುರಿಕೆ. ಡಾಕ್ಟರ್ ಒಪ್ಪಿದಮೇಲೆ ತಿಳಿದವರ ಕೈಯಲ್ಲಿ ಹಗುರ ಮಸಾಜು ಮಾಡಿಸಿದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಒಂದು ತಿಂಗಳು ಬಿಡಿ, ಉಪ್ಪು ಬಾವನ್ನು ಹಿಡಿದಿಡುತ್ತದೆ. ಮೊಟ್ಟೆ, ಮೊಳಕೆಕಾಳು, ಮಜ್ಜಿಗೆ ಚೆನ್ನಾಗಿ ತೆಗೆದುಕೊಳ್ಳಿ. ನಿಜವಾದ ಆಕಾರ ಕಂಡದ್ದು ನಾಲ್ಕನೇ ತಿಂಗಳಲ್ಲಿ.

ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಮಾತು ತಡವರಿಸಿದರೆ, ಹೊಟ್ಟೆನೋವು ಗಂಟೆಗಂಟೆಗೆ ಏರುತ್ತಿದ್ದರೆ, ಮೂತ್ರ ಕಡಿಮೆಯಾದರೆ, ಜ್ವರದ ಜೊತೆ ಗಾಯ ನಾರಿದರೆ ಬೆಳಗಾಗುವ ತನಕ ಕಾಯಬೇಡಿ. ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿರುವವರ ಕೈಗೆ ಕೊಡಿ. ಹೇಳಲೇಬೇಕಾದವರು ಇಡೀ ಬಳಗವಲ್ಲ, ಗಂಡನೋ ಅಕ್ಕನೋ ಅಮ್ಮನೋ, ಜೊತೆಗೆ ನಿಮ್ಮನ್ನು ಮನೆಯಲ್ಲಿ ನೋಡಿಕೊಳ್ಳುವವರು.

ರಜೆಯ ಲೆಕ್ಕ: ಕೂತು ಮಾಡುವ ಕೆಲಸಕ್ಕೆ ಹತ್ತು ದಿನ ಇಟ್ಟುಕೊಳ್ಳಿ. ನಿಂತು ಪಾಠ ಮಾಡುವುದು, ನೀರು ಹೊರುವುದು, ಮಗು ಎತ್ತುವುದು ಇದ್ದರೆ ಮೂರು ವಾರ. ಐದಾರು ಗಂಟೆಯ ಬಸ್ಸು, ರೈಲಿನ ಪ್ರಯಾಣ ಮೊದಲ ನಾಲ್ಕೈದು ದಿನ ಬೇಡ. ಆಮೇಲೂ ಡಾಕ್ಟರನ್ನು ಕೇಳಿ ಹೊರಡಿ, ದಾರಿಯಲ್ಲಿ ಗಂಟೆಗೊಮ್ಮೆ ಎದ್ದು ನಡೆಯಿರಿ. ಬೆಲ್ಟನ್ನು ನಾಲ್ಕರಿಂದ ಆರು ವಾರ ಹಗಲೂ ರಾತ್ರಿ ಹಾಕಿರಬೇಕು, ಎರಡು ಜೊತೆ ತೆಗೆದುಕೊಳ್ಳಿ, ಒಂದು ಒಗೆದು ಒಣಗುವಾಗ ಇನ್ನೊಂದು. ಏಪ್ರಿಲ್ ಸೆಕೆಯಲ್ಲಿ ಅದರೊಳಗೆ ಬೆವತು ಬೆವರುಸಾಲೆ ಎದ್ದು ಬಹಳ ಕಷ್ಟಪಟ್ಟೆ. ತಾರೀಖು ನಿಮ್ಮ ಕೈಯಲ್ಲಿದ್ದರೆ ದೀಪಾವಳಿ ಕಳೆದಮೇಲೆ ಇಟ್ಟುಕೊಳ್ಳಿ.