“ಮಾಸ್ಕ್ ಬೇಡ, ಆಪರೇಷನ್ ಮಾಡಿಸಿಬಿಡುತ್ತೇನೆ”

ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಪದೇ ಪದೇ ಉಸಿರು ನಿಲ್ಲುವ ಕಾಯಿಲೆ ಇರುವ, ನಲವತ್ತು ದಾಟಿದ ಲಾರಿ ಚಾಲಕರೊಬ್ಬರು ಪತ್ನಿಯೊಂದಿಗೆ ಆಪ್ತಸಲಹೆಗೆ ಬಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.) ನಿದ್ರಾ ಪರೀಕ್ಷೆಯ ಪ್ರಕಾರ ಗಂಟೆಗೆ ಸರಾಸರಿ 38 ಬಾರಿ ಅವರ ಉಸಿರು ನಿಲ್ಲುತ್ತಿತ್ತು ಅಥವಾ ಕುಗ್ಗುತ್ತಿತ್ತು, ಈ ಸಂಖ್ಯೆ 30 ತಲುಪಿದರೆ ಕಾಯಿಲೆ ತೀವ್ರವೆಂದೇ ಲೆಕ್ಕ. ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಹಾಯಿಸಿ ಉಸಿರಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಮನೆಯಲ್ಲಿದ್ದರೂ ಅವರು ಅರೆನಿದ್ದೆಯಲ್ಲೇ ಮಾಸ್ಕ್ ಕಿತ್ತು ದಿಂಬಿನಡಿಗೆ ತಳ್ಳುತ್ತಿದ್ದರು. ಉಸಿರು ನಿಂತಾಗಲೆಲ್ಲ ಭುಜ ಅಲುಗಿಸಿ ಎಬ್ಬಿಸುವ ಆತಂಕದಲ್ಲಿ ಪತ್ನಿಯೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಒಮ್ಮೆ ಗಂಟಲಿನ ಆಪರೇಷನ್ ಮಾಡಿಸಿಕೊಂಡು ಇದರಿಂದ ಪಾರಾಗಬೇಕೆಂಬುದು ಅವರ ಹಂಬಲ. ಆದರೆ ಉಸಿರಿನ ದಾರಿ ಎಲ್ಲಿ ಮುಚ್ಚಿಕೊಳ್ಳುತ್ತದೆ ಎಂಬುದು ತಿಳಿಯದೆ ಯಾವ ಶಸ್ತ್ರಚಿಕಿತ್ಸೆಯನ್ನೂ ಒಪ್ಪಿಕೊಳ್ಳಬಾರದೆಂದು ನಾನು ಸ್ಪಷ್ಟವಾಗಿ ಹೇಳಿದೆ. ಔಷಧಿಯಿಂದ ನಿದ್ದೆ ಬರಿಸಿ, ಮೂಗಿನ ಮೂಲಕ ಎಂಡೋಸ್ಕೋಪ್ ಇಳಿಸಿ ನೋಡಿದರೆ, ಕುಸಿಯುತ್ತಿರುವುದು ಅಂಗುಳೋ, ನಾಲಿಗೆಯ ಬುಡವೋ, ಗಂಟಲಿನ ಪಕ್ಕದ ಗೋಡೆಯೋ ಎಂಬುದು ಕಾಣುತ್ತದೆ. ಟಾನ್ಸಿಲ್ ದೊಡ್ಡದಾಗಿದ್ದು ನಾಲಿಗೆ ಹಿಂದಕ್ಕೆ ಅಡ್ಡವಾಗದಿದ್ದರೆ, ಟಾನ್ಸಿಲ್ ತೆಗೆದು ಮೃದು ಅಂಗುಳನ್ನು ಸರಿಪಡಿಸುವ ಯುಪಿಪಿಪಿ ಎಂಬ ಶಸ್ತ್ರಚಿಕಿತ್ಸೆ ಚೆನ್ನಾಗಿ ಫಲಿಸಬಹುದು. ಕುಸಿತ ನಾಲಿಗೆಯ ಬುಡದಲ್ಲಿದ್ದರೆ ಅದೊಂದರಿಂದಲೇ ಹೆಚ್ಚೇನೂ ಸಾಧಿಸಲಾಗದು. ಮೇಲಿನ ಮತ್ತು ಕೆಳಗಿನ ದವಡೆಗಳನ್ನು ಮುಂದಕ್ಕೆ ತರುವ ಶಸ್ತ್ರಚಿಕಿತ್ಸೆ ಹೆಚ್ಚು ಪರಿಣಾಮಕಾರಿಯಾದರೂ ವಾರಗಟ್ಟಲೆ ಮೆತ್ತಗಿನ ಆಹಾರ, ತುಟಿ-ಗಲ್ಲದ ಜೋಮು, ಮುಖದ ರೂಪದಲ್ಲಿ ಬದಲಾವಣೆ ಇವೆಲ್ಲಕ್ಕೂ ಮನಸ್ಸು ಸಿದ್ಧವಿರಬೇಕು. ಅಮೆರಿಕದಲ್ಲಿ 2014ರಲ್ಲಿ ಅನುಮತಿ ಪಡೆದ, ನಾಲಿಗೆಯ ನರವನ್ನು ಪ್ರಚೋದಿಸುವ ಸಾಧನವೂ ಎಲ್ಲರಿಗೂ ಹೊಂದುವುದಿಲ್ಲ.

ಮಾತಿನ ನಡುವೆ ಅವರ ಒಂದು ಮೂಗು ಸದಾ ಕಟ್ಟಿರುತ್ತದೆಂಬುದು ಹೊರಬಿತ್ತು. ಮಾಸ್ಕ್ ಹಾಕಿದರೆ ಉಸಿರುಗಟ್ಟಿದಂತಾಗುವುದಕ್ಕೆ ಇದೇ ಕಾರಣವಿರಬಹುದೆಂದು ನನಗನಿಸಿತು. ಮೂಗಿನ ನಡುಗೋಡೆ ಸರಿಪಡಿಸಿದ ಮಾತ್ರಕ್ಕೆ ಸ್ಲೀಪ್ ಆಪ್ನಿಯಾ ಸಾಮಾನ್ಯವಾಗಿ ಹೋಗದು, ಆದರೆ ಸಿಪ್ಯಾಪ್‌ಗೆ ಬೇಕಾದ ಒತ್ತಡ ತಗ್ಗಿ ಅದನ್ನು ಧರಿಸುವುದು ಸಲೀಸಾಗುತ್ತದೆ. ಆದ್ದರಿಂದ ಮೊದಲು ಇಎನ್‌ಟಿ ತಜ್ಞರಿಗೆ ಮೂಗನ್ನು ತೋರಿಸಿ, ಬೇರೆ ಅಳತೆಯ ಮಾಸ್ಕ್ ಪ್ರಯತ್ನಿಸಿ, ತೂಕ ಇಳಿಸಲು ಆರಂಭಿಸಿ, ಮಲಗುವ ಮುನ್ನ ಮದ್ಯ ಬಿಡುವಂತೆ ಸೂಚಿಸಿದೆ. ಹಗಲಿನ ತೂಕಡಿಕೆ ಹತೋಟಿಗೆ ಬಂದಿದೆಯೆಂದು ವೈದ್ಯರು ಹೇಳುವವರೆಗೆ ಲಾರಿ ಓಡಿಸಲೇಬಾರದೆಂದೂ ಹೇಳಿದೆ. ಸಂಪಾದನೆಯ ಚಿಂತೆ ನನಗೂ ಅರ್ಥವಾಗುತ್ತದೆ; ಆದರೂ ಈ ಒಂದು ಮಾತಿನಲ್ಲಿ ಸಡಿಲಿಕೆ ಸಾಧ್ಯವಿರಲಿಲ್ಲ.

ಯಾವ ಶಸ್ತ್ರಚಿಕಿತ್ಸೆಯಾದರೂ ಅರಿವಳಿಕೆ ತಜ್ಞರಿಗೆ ಈ ಕಾಯಿಲೆಯನ್ನು ಮುಂಚೆಯೇ ತಿಳಿಸಬೇಕು. ಗೊರಕೆಯ ಸದ್ದು ಅಡಗಿದರೂ ಉಸಿರು ನಿಲ್ಲುವುದು ಮುಂದುವರಿಯಬಹುದಾದ್ದರಿಂದ, ಗಾಯ ಮಾಗಿದ ಕೆಲವು ತಿಂಗಳ ಬಳಿಕ ನಿದ್ರಾ ಪರೀಕ್ಷೆಯನ್ನು ಮತ್ತೆ ಮಾಡಿಸಲೇಬೇಕೆಂದು ಪತ್ನಿಗೂ ಬಿಡಿಸಿ ಹೇಳಿದೆ.