ಮಳೆಗಾಲಕ್ಕೆ ಬರುತ್ತಿದ್ದೀರಾ? ಪತ್ರೊಡೆ ಬಿಡಬೇಡಿ

ಜುಲೈನಲ್ಲಿ ಚಿಕ್ಕಮಗಳೂರಿಗೆ ಬರುವ ಸಸ್ಯಾಹಾರಿಗಳು ಇಡ್ಲಿ, ದೋಸೆ ಬಿಟ್ಟು ಏನು ತಿನ್ನಬೇಕು ಎಂದು ಕೇಳಿದ್ದೀರಿ. ಮೊದಲು ಪತ್ರೊಡೆ. ಕೆಸುವಿನ ಎಲೆಗೆ ಅಕ್ಕಿ, ಮೆಣಸಿನಕಾಯಿ, ಹುಣಸೆ ರುಬ್ಬಿದ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸುತ್ತಾರೆ. ಹುಣಸೆ ಸುಮ್ನೆ ರುಚಿಗಲ್ಲ, ಎಲೆಯ ತುರಿಕೆ ತಗ್ಗಿಸುವುದೂ ಅದೇ. ಮಾರನೇ ದಿನ ಹೋಳು ಮಾಡಿ ಕಾವಲಿಯಲ್ಲಿ ಕೆಂಪಗೆ ಕಾಯಿಸಿದ್ದು ನನಗಂತೂ ಇನ್ನೂ ಜಾಸ್ತಿ ಇಷ್ಟ!

ಕಳಲೆ ಪಲ್ಯಕ್ಕೂ ಇದೇ ಕಾಲ. ಎಳೆ ಬಿದಿರನ್ನು ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಬೇಕು, ಆಮೇಲೆ ಬೇಯಿಸಬೇಕು. ಆದ್ದರಿಂದ ಹೋಂಸ್ಟೇಯವರಿಗೆ ಮೊದಲೇ ಫೋನ್ ಮಾಡಿ ಹೇಳಿಬಿಡಿ. ಬೆಳಿಗ್ಗೆ ಬಿಸಿ ಕಡುಬು, ಕಾಯಿಚಟ್ನಿ ಕೇಳಿ. ಹಾಸನ ಕಡೆಯ ಹಿತಕಿದ ಅವರೆಬೇಳೆ ಸಾರಿಗೆ ಮಾತ್ರ ಡಿಸೆಂಬರ್, ಜನವರಿಯಲ್ಲಿ ಇನ್ನೊಮ್ಮೆ ಬರಬೇಕು.