ಗಲ್ಲಾ ಬಿಟ್ಟು ಹೊರಡುವ ಮುನ್ನ

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಇದೆ. ಕರಿಯುವವರು ಇಬ್ಬರು, ಪ್ಯಾಕಿಂಗ್‌ಗೆ ಒಬ್ಬರು, ಗಲ್ಲಾದಲ್ಲಿ ನಾನು. ಎಂಟು ದಿನ ಮನೆಯವರನ್ನೆಲ್ಲ ಕರೆದುಕೊಂಡು ಪ್ರವಾಸ ಹೋಗಬೇಕೆಂದಿದ್ದೇನೆ. ಅಂಗಡಿ ಮುಚ್ಚಲೋ, ಅವರ ಕೈಗೆ ಬಿಡಲೋ?

ಉತ್ತರ: ಹೊರಡುವುದಾದರೆ ಆಷಾಢದಲ್ಲಿ ಹೊರಡಿ. ಮದುವೆ-ಮುಂಜಿಯ ದೊಡ್ಡ ಆರ್ಡರ್ ಇರುವುದಿಲ್ಲ. ಶ್ರಾವಣ ಹುಟ್ಟಿದರೆ ಹಬ್ಬಗಳ ಸಾಲು, ಅದು ಮುಗಿಯಿತೆಂದರೆ ಕಾರ್ತಿಕದ ಕೊನೆಯ ಸೋಮವಾರ ನಿಮ್ಮ ಬಾಗಿಲಲ್ಲೇ ಕಡಲೆಕಾಯಿ ಪರಿಷೆ.

ಮುಚ್ಚುವುದೋ ಬಿಡುವುದೋ ಎಂಬುದನ್ನು ಈಗಲೇ ತೀರ್ಮಾನಿಸಬೇಡಿ. ಒಂದು ತಿಂಗಳು ಮೊದಲೇ ಎರಡು ದಿನ ಮನೆಯಲ್ಲೇ ಕೂತು ಅಂಗಡಿಯ ಕಡೆ ತಲೆ ಹಾಕಬೇಡಿ. ಬರುವ ಪ್ರತಿ ಫೋನನ್ನೂ ಒಂದು ಹಾಳೆಯಲ್ಲಿ ಬರೆದಿಡಿ: ಐದು ಕೆ.ಜಿ. ಕೊಂಡವರಿಗೆ ಎಷ್ಟು ಬಿಡಬೇಕು, ಯಾರಿಗೆ ಉದ್ರಿ ಕೊಡಬಹುದು, ಕಡಲೆಹಿಟ್ಟು ಯಾವ ಮಂಡಿಯಿಂದ ತರಿಸಬೇಕು. ಇವೆಲ್ಲ ನಿಮ್ಮ ತಲೆಯಲ್ಲಷ್ಟೇ ಇರುವ ವಿಷಯಗಳು. ಬರೆದು ಗೋಡೆಗೆ ಅಂಟಿಸಿ. ಮುಂದಿನ ವಾರ ಇನ್ನೊಮ್ಮೆ ನೋಡಿ. ಆಗಲೂ ದಿನಕ್ಕೆ ಹತ್ತು ಫೋನ್ ಬಂದರೆ ಮುಚ್ಚಿಯೇ ಹೊರಡಿ.

ಬಿಡುವುದಾದರೆ ಕಳ್ಳತನಕ್ಕಿಂತ ಎಣ್ಣೆಯ ಬಗ್ಗೆ ಹೆಚ್ಚು ಯೋಚಿಸಿ. ಯಜಮಾನರಿಲ್ಲದಾಗ ಹಳೆ ಎಣ್ಣೆ ಚೆಲ್ಲಲು ಕೆಲಸಗಾರರಿಗೆ ಧೈರ್ಯ ಸಾಲದು. ಅದಕ್ಕೇ ಹೊಸದು ಸುರಿಯುತ್ತಾ ಹೋಗುತ್ತಾರೆ. ಹೊಸ ಎಣ್ಣೆಯೂ ಬೇಗ ಕೆಡುತ್ತದೆ, ಕೋಡುಬಳೆಗೆ ಕಮಟು ವಾಸನೆ ಹತ್ತುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಂತೆ ಎಣ್ಣೆಯಲ್ಲಿ ಟಿಪಿಸಿ, ಅಂದರೆ ಪದೇ ಪದೇ ಕಾಯಿಸಿದಾಗ ಹುಟ್ಟುವ ಕೆಟ್ಟ ಅಂಶದ ಪ್ರಮಾಣ 25% ದಾಟಬಾರದು. ಅಳೆಯುವ ಮೀಟರ್ ಇಲ್ಲದಿದ್ದರೆ ಕಣ್ಣಿಗೆ ಕಾಣುವ ಗುರುತು ಹೇಳಿಕೊಡಿ: ಬಣ್ಣ ಕಪ್ಪಾಗಿ, ಎಣ್ಣೆ ಜಿಗುಟಾಗಿ, ನೊರೆ ಎದ್ದು ಇಳಿಯದೇ ನಿಂತರೆ ಆ ಎಣ್ಣೆಯ ಕೆಲಸ ಮುಗಿಯಿತು. ಮೋರಿಗೆ ಸುರಿಯದೆ ಬಯೋಡೀಸೆಲ್‌ಗೆ ಕೊಳ್ಳುವವರಿಗೆ ಕೊಡಲಿ.

ದುಡ್ಡಿನ ಮಾತು. ಯುಪಿಐ ಸೌಂಡ್‌ಬಾಕ್ಸ್ ಕೂಗದೆ ಸಾಮಾನು ಕೊಡಬಾರದು, ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ. ಸಣ್ಣಪುಟ್ಟ ಖರ್ಚಿಗೆ ಯುಪಿಐ ಸರ್ಕಲ್‌ನಲ್ಲಿ (ನಿಮ್ಮ ಖಾತೆಯಿಂದ ಇನ್ನೊಬ್ಬರು ಪಾವತಿಸುವ ಸೌಲಭ್ಯ) ಒಬ್ಬರನ್ನು ಸೇರಿಸಿ. ಪ್ರತಿ ಸಲ ನಿಮ್ಮ ಒಪ್ಪಿಗೆ ಬೇಡದ ಪೂರ್ಣ ಅಧಿಕಾರ ಕೊಟ್ಟರೂ ಒಂದು ಸಲಕ್ಕೆ 5,000, ತಿಂಗಳಿಗೆ 15,000 ರೂಪಾಯಿ ದಾಟದು. ಪಿನ್ ಮಾತ್ರ ಯಾರಿಗೂ ಹೇಳಬೇಡಿ.

ಮುಚ್ಚುವುದಾದರೆ ಫ್ರಿಜ್ ಖಾಲಿ ಮಾಡಿ, ಒರೆಸಿ, ಬಾಗಿಲು ತೆರೆದೇ ಇಡಿ. ಮುಚ್ಚಿಟ್ಟು ಸ್ವಿಚ್ ಆರಿಸಿದರೆ ಬೂಷ್ಟು ಹಿಡಿಯುತ್ತದೆ. ಸಿಸಿಟಿವಿಗೆ ಬೇರೆ ಎಂಸಿಬಿ ಸ್ವಿಚ್ ಇಲ್ಲದಿದ್ದರೆ ಮೇನ್ ಆರಿಸಿದ ಕೂಡಲೇ ಅದೂ ಸತ್ತಂತೆ. ಎಲೆಕ್ಟ್ರಿಷಿಯನ್ನನ್ನು ಮೊದಲೇ ಕರೆಸಿ.

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಲೇತ್ ವರ್ಕ್‌ಶಾಪ್ ನಡೆಸುತ್ತೇನೆ. ಪ್ರತಿ ತಿಂಗಳೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವವನು. ಯಾವ ದಿನಗಳಲ್ಲಿ ಊರು ಬಿಡಬಹುದು?

ಉತ್ತರ: 21ರಿಂದ ತಿಂಗಳ ಕೊನೆವರೆಗೆ. 11ಕ್ಕೆ ಮಾರಾಟದ ಬಿಲ್ಲುಗಳ ರಿಟರ್ನ್ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, ಇಎಸ್‌ಐ, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ, 7ರೊಳಗೆ ಸಂಬಳ. ಇವುಗಳಲ್ಲಿ 11 ತಪ್ಪಿದರೆ ನಷ್ಟ ಹೆಚ್ಚು: ನಿಮ್ಮ ಬಿಲ್ಲು ಗಿರಾಕಿಯ 2ಬಿಯಲ್ಲಿ (ಅವರ ಖರೀದಿಯ ತೆರಿಗೆ ಜಮೆ ತೋರಿಸುವ, 14ಕ್ಕೆ ತಯಾರಾಗುವ ಪಟ್ಟಿ) ಕಾಣುವುದಿಲ್ಲ, ಅವರು ಪೇಮೆಂಟ್ ತಡೆದಿಡುತ್ತಾರೆ. ಅದರ ಮುಂದೆ ದಿನಕ್ಕೆ 50 ರೂಪಾಯಿ ತಡಶುಲ್ಕ ಏನೂ ಅಲ್ಲ. ಒಟಿಪಿ ಬರುವುದು ನಿಮ್ಮ ಫೋನಿಗೆ. ಕೊಡಗಿನ ತೋಟದ ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ ಆಡಿಟರ್ ಏನೂ ಮಾಡಲಾರರು. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ಯೂಆರ್‌ಎಂಪಿಯವರು, ತ್ರೈಮಾಸಿಕದ ಮೊದಲೆರಡು ತಿಂಗಳ ತೆರಿಗೆಯ ಚಲನ್‌ಗೆ ಮುಂದಿನ ತಿಂಗಳ 25 ಗಡುವು ಎಂಬುದನ್ನು ಮರೆಯಬೇಡಿ. ತಡವಾದರೆ ವರ್ಷಕ್ಕೆ 18% ಲೆಕ್ಕದಲ್ಲಿ ಬಡ್ಡಿ.

ಹಾಗೆಯೇ ಲೇತ್ ಬೆಡ್‌ಗೆ ಎಣ್ಣೆ ಸವರಿ, ಕೂಲಂಟ್ (ಲೋಹ ಕೊರೆಯುವಾಗ ತಣಿಸುವ ದ್ರವ) ತೊಟ್ಟಿ ಖಾಲಿ ಮಾಡಿ. ನಿಂತ ಕೂಲಂಟ್ ಕೊಳೆತು ನಾರುತ್ತದೆ.

ಪ್ರಶ್ನೆ: ಜಯನಗರದಲ್ಲಿ ಟೈಲರಿಂಗ್ ಅಂಗಡಿ. ನಾಲ್ಕು ದಿನದ ರಜೆಗೆ ಬೋರ್ಡ್ ಹಾಕಿದರೆ ಸಾಕೆ?

ಉತ್ತರ: ಸಾಲದು. ಹೊರಡುವ ಹತ್ತು ದಿನ ಮೊದಲೇ ಅರ್ಜೆಂಟ್ ಬ್ಲೌಸ್ ಒಪ್ಪಿಕೊಳ್ಳುವುದನ್ನು ನಿಲ್ಲಿಸಿ. ರಸೀದಿಯಲ್ಲಿ ಕೊಡುವ ತಾರೀಖನ್ನು ವಾಪಸ್ ಬಂದು ಮೂರು ದಿನದ ನಂತರಕ್ಕೆ ಬರೆಯಿರಿ. ಬಂದ ದಿನವೇ ಕೊಡುತ್ತೇನೆಂದರೆ ಬೆಳಗ್ಗೆಯಿಂದಲೇ ಜಗಳ. ಗೂಗಲ್ ಮ್ಯಾಪ್‌ನಲ್ಲಿ ಆ ನಾಲ್ಕು ದಿನಕ್ಕೆ ವಿಶೇಷ ಸಮಯ ಎಂದು ನಮೂದಿಸಿ. ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂದು ಹಾಕಿದರೆ ವಾಪಸ್ ಬಂದ ಮೇಲೆ ನೀವೇ ತೆಗೆಯಬೇಕು. ಮರೆತರೆ ಗಿರಾಕಿಗಳ ಪಾಲಿಗೆ ಅಂಗಡಿ ಮುಚ್ಚಿಯೇ ಇರುತ್ತದೆ.